ಶಿವಮೊಗ್ಗದಲ್ಲಿ ಮೂರು ರಾತ್ರಿ: ಬಸ್ ನಿಲ್ದಾಣದ ಬಳಿಯ ಲಾಡ್ಜೋ, ದೊಡ್ಡ ಹೋಟೆಲೋ?

ಪ್ರಶ್ನೆ ಕೇಳಿದವರು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ನಾನು, ನನ್ನ ಪತ್ನಿ, ಇಬ್ಬರು ಮಕ್ಕಳು ಹಾಗೂ ಎಪ್ಪತ್ತು ದಾಟಿದ ನಮ್ಮ ತಂದೆಯವರು ಶಿವಮೊಗ್ಗಕ್ಕೆ ಬರುವುದೆಂದು ನಿಶ್ಚಯಿಸಿದ್ದೇವೆ. ರಾತ್ರಿಯ ತಾಳಗುಪ್ಪ ರೈಲಿನಲ್ಲಿ ಹೊರಟು ಬೆಳಗಿನ ಜಾವ ಶಿವಮೊಗ್ಗದಲ್ಲಿ ಇಳಿಯುತ್ತೇವೆ. ಅಲ್ಲಿಂದ ಮುಂದಕ್ಕೆ ಬಾಡಿಗೆ ಕಾರು. ಸಕ್ರೆಬೈಲಿನ ಆನೆ ಬಿಡಾರ, ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ, ತುಂಗಾ-ಭದ್ರಾ ಸಂಗಮದ ಕೂಡಲಿ, ಶಿವಪ್ಪನಾಯಕನ ಅರಮನೆ, ಒಂದು ದಿನ ಜೋಗ, ಇಷ್ಟನ್ನು ನೋಡಬೇಕೆಂಬ ಆಸೆ.

ಬಸ್ ನಿಲ್ದಾಣದ ಆಸುಪಾಸಿನ ಲಾಡ್ಜುಗಳಲ್ಲಿ ಇಬ್ಬರ ಕೋಣೆಗೆ ಸಾವಿರ ರೂಪಾಯಿಯ ಆಚೀಚೆ ಹೇಳುತ್ತಿದ್ದಾರೆ. ದೊಡ್ಡ ಹೋಟೆಲಿನಲ್ಲಿ ಅಂಥದೇ ಕೋಣೆಗೆ ನಾಲ್ಕು ಸಾವಿರ. ಎರಡು ಕೋಣೆ, ಮೂರು ರಾತ್ರಿ ಎಂದು ಹಿಡಿದರೆ ವ್ಯತ್ಯಾಸವೇ ಹದಿನೆಂಟು ಸಾವಿರ ರೂಪಾಯಿ. ಈ ಹಣ ಕೊಡಲಾಗದು ಎಂದೇನೂ ಅಲ್ಲ. ಆದರೆ ಕೊಟ್ಟದ್ದಕ್ಕೆ ನಿಜವಾಗಿ ಏನು ಸಿಗುತ್ತದೆ ಎಂಬುದು ತಿಳಿಯದೆ ಕೊಡಲು ಮನಸ್ಸು ಬರುತ್ತಿಲ್ಲ. ಎರಡೂ ಬಗೆಯ ಕಡೆ ಉಳಿದು ಬಲ್ಲವರು ದಯವಿಟ್ಟು ತಿಳಿಸಿ.

ದುರ್ಗಿಗುಡಿ ನಿವಾಸಿ, ಶಿವಮೊಗ್ಗ

ಸರ್, ಬಾಡಿಗೆಗಿಂತ ಮೊದಲು ತಾವು ನೋಡಬೇಕಾದದ್ದು ಗಡಿಯಾರವನ್ನು. ದೊಡ್ಡ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಕೋಣೆ ಕೈಗೆ ಬರುವುದು ಮಧ್ಯಾಹ್ನ ಹನ್ನೆರಡಕ್ಕೆ, ಕೆಲವು ಕಡೆ ಎರಡಕ್ಕೆ. ತಾವು ಬೆಳಗಿನ ಜಾವ ಇಳಿದರೆ ಅಷ್ಟು ಹೊತ್ತು ವಯಸ್ಸಾದವರನ್ನು, ಮಕ್ಕಳನ್ನು ಕಟ್ಟಿಕೊಂಡು ಕೆಳಗಿನ ಸೋಫಾದ ಮೇಲೆ ಕಾಯಬೇಕು, ಇಲ್ಲವೇ ಹಿಂದಿನ ರಾತ್ರಿಯ ಬಾಡಿಗೆಯನ್ನೂ ಕಟ್ಟಬೇಕು. ಹಾಗೆ ಕಟ್ಟಿದರೆ ತಾವು ಹೇಳಿದ ಹದಿನೆಂಟು ಸಾವಿರದ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ.

ಇಲ್ಲಿನ ಅನೇಕ ಲಾಡ್ಜುಗಳಲ್ಲಿ 24 ಗಂಟೆಯ ಲೆಕ್ಕವಿದೆ. ಐದು ಗಂಟೆಗೆ ಬಂದರೆ ಮರುದಿನ ಐದರವರೆಗೆ ಒಂದು ದಿನ. ರಾತ್ರಿ ಬಸ್ಸು, ರಾತ್ರಿ ರೈಲಿನಲ್ಲಿ ಬರುವವರೇ ಹೆಚ್ಚಾಗಿರುವ ಊರಿಗೆ ಇದು ಒಗ್ಗಿಬಂದ ಪದ್ಧತಿ. ಆದರೆ ಹೊರಡುವ ದಿನ ಇದೇ ಲೆಕ್ಕ ತಿರುಗಿ ಬೀಳುತ್ತದೆ ಎಂಬುದನ್ನು ಮರೆಯಬೇಡಿ: ಕೊನೆಯ ದಿನ ಬೆಳಿಗ್ಗೆ ಐದಕ್ಕೇ ಅವಧಿ ಮುಗಿದಿರುತ್ತದೆ, ತಾವು ಸ್ನಾನ, ತಿಂಡಿ ಮುಗಿಸಿ ಒಂಬತ್ತಕ್ಕೆ ಕೀಲಿಕೈ ಒಪ್ಪಿಸಿದರೆ ಅರ್ಧ ದಿನದ ಬಾಡಿಗೆ ಕೇಳಬಹುದು. ಫೋನ್ ಮಾಡುವಾಗಲೇ ಇದನ್ನು ಮಾತಾಡಿಕೊಂಡರೆ ಬಹುಪಾಲು ಮಾಲೀಕರು ಎರಡು ಮೂರು ಗಂಟೆ ಬಿಟ್ಟುಕೊಡುತ್ತಾರೆ.

ಲಾಡ್ಜಿನ ಕೌಂಟರಿನಲ್ಲಿ ಬಹುಕಾಲ ಕೆಲಸ ಮಾಡಿದವರು, ಭದ್ರಾವತಿ

ಶಿವಮೊಗ್ಗದ ಒಂದು ಲಾಡ್ಜಿನಲ್ಲಿ ಕೌಂಟರ್ ನೋಡಿಕೊಂಡಿದ್ದವನು ನಾನು. ಹೆಚ್ಚು ಕೊಟ್ಟ ಹಣಕ್ಕೆ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಆ ಅನುಭವದಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಗ್ರಾಹಕರು ಸಾಮಾನ್ಯವಾಗಿ ನೋಡುವುದು ಟಿವಿಯ ಅಗಲವನ್ನು ಮತ್ತು ನೆಲದ ಹೊಳಪನ್ನು. ಹಣ ನಿಜವಾಗಿ ಹೋಗುವುದು ಕಣ್ಣಿಗೆ ಬೀಳದ ಕೆಲಸಗಳಿಗೆ.

ಮೊದಲನೆಯದು ಬಿಸಿನೀರು. ಸಾಧಾರಣ ಲಾಡ್ಜುಗಳಲ್ಲಿ ಚಾವಣಿಯ ಮೇಲಿನ ಸೋಲಾರ್‌ನಿಂದ ನೀರು ಬರುತ್ತದೆ, ಬೆಳಿಗ್ಗೆ ಆರರಿಂದ ಒಂಬತ್ತು ಎಂದು ಗೋಡೆಗೆ ಚೀಟಿ ಅಂಟಿಸಿರುತ್ತಾರೆ. ಬೇಸಿಗೆಯಲ್ಲಿ ಯಾವ ತೊಂದರೆಯೂ ಇಲ್ಲ. ಮೋಡ ಕವಿದ ಮರುದಿನ ಮಾತ್ರ ಮೊದಲು ಎದ್ದ ನಾಲ್ಕು ಕೋಣೆಯವರಿಗೆ ಬಿಸಿನೀರು, ಉಳಿದವರಿಗೆ ಉಗುರು ಬೆಚ್ಚಗಿನದು. ದಸರೆಯ ಹೊತ್ತಿಗೂ ನಮ್ಮಲ್ಲಿ ಮೋಡ ಪೂರ್ತಿ ತೆರವಾಗಿರುವುದಿಲ್ಲ. ಆದ್ದರಿಂದ "ಬಿಸಿನೀರು ಇದೆಯೇ" ಎಂದು ಕೇಳಬೇಡಿ, ಇದೆ ಎಂದೇ ಹೇಳುತ್ತಾರೆ. "ಬಾತ್‌ರೂಮಿನೊಳಗೇ ಗೀಸರ್ ಇದೆಯೇ" ಎಂದು ಕೇಳಿ.

ಎರಡನೆಯದು ಕರೆಂಟು. ದೊಡ್ಡ ಹೋಟೆಲಿನಲ್ಲಿ ಇಡೀ ಕಟ್ಟಡಕ್ಕೆ ಜನರೇಟರ್ ಇರುತ್ತದೆ. ಲಾಡ್ಜಿನಲ್ಲಿ ಯುಪಿಎಸ್ ಇದ್ದರೆ ಒಂದು ದೀಪ, ಒಂದು ಫ್ಯಾನ್. ಲಿಫ್ಟ್ ಅದಕ್ಕೆ ಓಡುವುದಿಲ್ಲ. ತಂದೆಯವರು ಮೂರನೆಯ ಮಹಡಿಯಲ್ಲಿದ್ದಾಗ ಗಾಳಿಮಳೆಗೆ ಲೈನ್ ಹೋದರೆ ಅದು ದೊಡ್ಡ ವ್ಯತ್ಯಾಸವೇ.

ಮೂರನೆಯದು ತೇವ, ಮತ್ತು ಮಲೆನಾಡಿನ ಬಾಗಿಲಲ್ಲಿರುವ ಈ ಊರಿನಲ್ಲಿ ಅತಿ ಮುಖ್ಯವಾದದ್ದೂ ಇದೇ ಎಂಬುದು ನನ್ನ ದೃಢ ಅಭಿಪ್ರಾಯ. ಮಳೆಗಾಲದಲ್ಲಿ ಒಗೆದ ಬೆಡ್‌ಶೀಟು ನೆರಳಲ್ಲಿ ಒಣಗಿ ಒಣಗಿ ಮುಗ್ಗಲು ವಾಸನೆ ಹಿಡಿಯುತ್ತದೆ. ಒಣಗಿಸುವ ಯಂತ್ರವಿಟ್ಟವರ ಕೋಣೆಗೂ ಇಡದವರ ಕೋಣೆಗೂ ಇರುವ ಅಂತರ ಬಾಗಿಲು ತೆರೆದ ಕ್ಷಣವೇ ಮೂಗಿಗೆ ತಿಳಿಯುತ್ತದೆ. ನೈಋತ್ಯ ದಿಕ್ಕಿಗೆ ಹೊರಗೋಡೆ ಇರುವ ಕೋಣೆಗಳು ಮಳೆಯ ಹೊಡೆತ ತಿಂದು ತಿಂದು ಒಳಗಡೆ ಬಣ್ಣ ಉಬ್ಬಿರುತ್ತವೆ. ಅಂಥ ಕೋಣೆಯನ್ನು ನಾವು ಯಾವಾಗಲೂ ಕೊನೆಗೆ, ತಡರಾತ್ರಿ ಬಂದವರಿಗೆ ಕೊಡುತ್ತಿದ್ದೆವು. ಸಂಜೆಯೊಳಗೆ ಬಂದು, ಎರಡು ಮೂರು ಕೋಣೆ ತೋರಿಸಿ ಎಂದು ಕೇಳಿದವರಿಗೆ ಅದೇ ಬಾಡಿಗೆಯಲ್ಲಿ ಒಳ್ಳೆಯ ಕೋಣೆ ಸಿಗುತ್ತಿತ್ತು.

ಕೋಣೆ ನೋಡುವ ಕ್ರಮ ಹೀಗಿರಲಿ. ಹಾಸಿಗೆಯ ಕಾಲ ಬದಿಯ ಮೂಲೆಯಲ್ಲಿ ಶೀಟನ್ನು ಎತ್ತಿ, ಗಾದಿಯ ಅಂಚಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಅಗಲಿಸಿ ನೋಡಿ. ಅಲ್ಲಿ ಕಾಳುಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕೆಗಳಿದ್ದರೆ ತಿಗಣೆ ಇದೆಯೆಂದೇ ತಿಳಿದು ಮಾತಿಲ್ಲದೆ ಹೊರಗೆ ಬನ್ನಿ. ದಿಂಬಿನ ಮೇಲೆ ಅಂಗೈ ಒತ್ತಿ ಹಿಡಿದು ತೆಗೆಯಿರಿ, ತಂಪಾಗಿ ಅಂಟಿದಂತಾದರೆ ಬದಲಿಸಲು ಹೇಳಿ. ಬಾತ್‌ರೂಮಿನ ಬಾಗಿಲು ಮಳೆಗೆ ಉಬ್ಬಿ ಚಿಲಕ ಕೂರದಿರುವುದು ಸಾಮಾನ್ಯ, ಒಮ್ಮೆ ಹಾಕಿ ತೆಗೆಯಿರಿ. ಬಿ.ಎಚ್. ರಸ್ತೆಯ ಕಡೆಗೆ ಕಿಟಕಿ ಇದ್ದರೆ ನಸುಕಿನಿಂದಲೇ ಬಸ್ಸಿನ ಹಾರ್ನ್. ಹಿಂಬದಿಯ ಕೋಣೆ ಕೇಳಿ, ಆದರೆ ಆ ಬದಿಯಲ್ಲಿ ಕಲ್ಯಾಣ ಮಂಟಪವೋ ಹೋಟೆಲಿನ ಅಡುಗೆಮನೆಯೋ ಇಲ್ಲವೆಂದು ನೋಡಿಕೊಳ್ಳಿ.

ನನ್ನ ಮಾತಿನ ತಿರುಳು ಇಷ್ಟು: ಸಾವಿರ ಮತ್ತು ನಾಲ್ಕು ಸಾವಿರ ಎಂಬ ಎರಡು ತುದಿಗಳ ನಡುವೆ ಆಯ್ಕೆ ಮಾಡಬೇಕಾದ ಅಗತ್ಯವೇ ತಮಗಿಲ್ಲ. ದೊಡ್ಡ ಹೋಟೆಲಿನ ಅತಿ ಅಗ್ಗದ ಕೋಣೆಗಿಂತ ಮಧ್ಯಮ ಲಾಡ್ಜಿನ ಅತ್ಯುತ್ತಮ ಕೋಣೆ ಬಹುಪಾಲು ಮೇಲಾಗಿರುತ್ತದೆ. ಎರಡು ಸಾವಿರದ ಆಸುಪಾಸಿನಲ್ಲಿ ಲಿಫ್ಟ್, ಗೀಸರ್, ಎಸಿ ಇರುವ ಕೋಣೆಗಳನ್ನು ಹುಡುಕಿ. ಆ ಎಸಿ ಸೆಖೆಗಾಗಿ ಅಲ್ಲ. ಒಂದು ಗಂಟೆ ಹಾಕಿಟ್ಟರೆ ಕೋಣೆಯ ತೇವ ಎಳೆದುಕೊಳ್ಳುತ್ತದೆ.

ಲೆಕ್ಕಪತ್ರದ ಕೆಲಸದವರು, ದಾವಣಗೆರೆ

ತೆರಿಗೆಯ ವಿಷಯವನ್ನು ಯಾರೂ ಹೇಳಲಿಲ್ಲವಾದ್ದರಿಂದ ಸೇರಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5 ಮಾತ್ರ. ಮೊದಲು ಅದು ಶೇ 12 ಇತ್ತು. 7,500 ದಾಟಿದರೆ ಶೇ 18. ನಾಲ್ಕು ಸಾವಿರದ ಕೋಣೆಗೆ ಮೊದಲು 480 ರೂಪಾಯಿ ತೆರಿಗೆ ಬೀಳುತ್ತಿದ್ದರೆ ಈಗ 200 ರೂಪಾಯಿ. ಹಾಗಾಗಿ ಮಧ್ಯಮ ದರ್ಜೆಯ ಕೋಣೆಗಳು ಸ್ವಲ್ಪ ಅಗ್ಗವಾಗಿವೆ.

ಗಡಿಯ ಆಚೀಚೆ ಎಚ್ಚರವಿರಲಿ. 7,500 ರೂಪಾಯಿಯ ಕೋಣೆಗೆ ತೆರಿಗೆ ಸೇರಿ 7,875 ಆಗುತ್ತದೆ. 7,600 ರೂಪಾಯಿಯ ಕೋಣೆಗೆ 8,968. ನೂರು ರೂಪಾಯಿ ಹೆಚ್ಚಿನ ಬಾಡಿಗೆ ಕೈಯಿಂದ ಸಾವಿರಕ್ಕೂ ಮಿಕ್ಕಿ ತೆಗೆಯುತ್ತದೆ. ಶಿವಮೊಗ್ಗ ನಗರದೊಳಗೆ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ, ಘಟ್ಟದ ಕಡೆಯ ರೆಸಾರ್ಟುಗಳಲ್ಲಿ ಏಳುತ್ತದೆ. ಅಂಥ ದುಬಾರಿ ಕೋಣೆಗಳಿರುವ ಜಾಗದೊಳಗಿನ ಊಟಕ್ಕೂ ಶೇ 18 ತೆರಿಗೆ ಬೀಳುತ್ತದೆ, ಹೊರಗಿನ ಸಾಮಾನ್ಯ ಹೋಟೆಲಿನ ಊಟಕ್ಕೆ ಶೇ 5. ಐದು ಮಂದಿ ಮೂರು ಹೊತ್ತು ಉಂಡರೆ ಇದು ಕಡೆಗಣಿಸುವಷ್ಟು ಸಣ್ಣ ಮೊತ್ತವಲ್ಲ. ಬಿಲ್ಲಿನಲ್ಲಿ ಸೇವಾ ಶುಲ್ಕವೆಂದು ಹೋಟೆಲಿನವರು ತಾವಾಗಿಯೇ ಸೇರಿಸಿದ್ದರೆ ತೆಗೆಯಿರಿ ಎಂದು ಹೇಳುವ ಹಕ್ಕು ಗ್ರಾಹಕರಿಗಿದೆ, ಅದು ಕಡ್ಡಾಯವಲ್ಲ.

ಕೆಲಸದ ನಿಮಿತ್ತ ಊರೂರು ತಿರುಗುವವರು, ಹಾಸನ

ಭದ್ರಾವತಿಯ ಸದಸ್ಯರು ಬರೆದದ್ದನ್ನು ಗೌರವದಿಂದ ಓದಿದೆ. ಆದರೆ ಎಲ್ಲವನ್ನೂ ಬಿಸಿನೀರು, ಬೆಡ್‌ಶೀಟಿಗೆ ಇಳಿಸಿದರೆ ನನ್ನಂಥ ಒಂಟಿಯಾಗಿ ಪ್ರಯಾಣಿಸುವ ಹೆಣ್ಣುಮಕ್ಕಳಿಗೆ ಮುಖ್ಯವಾದದ್ದು ಬಿಟ್ಟುಹೋಗುತ್ತದೆ. ನಾನು ಹೆಚ್ಚಿನ ಹಣ ಕೊಡುವುದು ರಾತ್ರಿ ಹನ್ನೊಂದರ ಮೇಲೂ ಕೌಂಟರಿನಲ್ಲಿ ಎಚ್ಚರವಾಗಿ ಒಬ್ಬರು ಕುಳಿತಿರುತ್ತಾರೆ ಎಂಬುದಕ್ಕೆ, ಕೋಣೆಯ ಹೊರಗಿನ ಓಣಿಯಲ್ಲಿ ದೀಪ ಉರಿಯುತ್ತದೆ ಎಂಬುದಕ್ಕೆ, ಬಾಗಿಲಿಗೆ ಒಳಗಿನಿಂದ ಎರಡನೆಯ ಚಿಲಕವಿದೆ ಎಂಬುದಕ್ಕೆ. ಕೆಳಗೆ ಬಾರ್ ಇರುವ ಕಟ್ಟಡದಲ್ಲಿ ಎಷ್ಟೇ ಅಗ್ಗಕ್ಕೆ ಕೊಟ್ಟರೂ ನಾನು ಉಳಿಯುವುದಿಲ್ಲ. ಸಂಸಾರವಂದಿಗರೂ ಇದನ್ನು ಕೇಳಿಯೇ ಬುಕ್ ಮಾಡುವುದು ಒಳ್ಳೆಯದು, ಏಕೆಂದರೆ ರಾತ್ರಿ ಮಕ್ಕಳೊಡನೆ ಹತ್ತಿ ಇಳಿಯುವ ಮೆಟ್ಟಿಲು ಬಾರಿನ ಗಿರಾಕಿಗಳಿಗೂ ಅದೇ ಆಗಿರುತ್ತದೆ.

ಮೊಬೈಲ್ ಆ್ಯಪಿನಲ್ಲಿ ಹಣ ಕಟ್ಟಿ ಹೋದ ಒಂದು ಕಡೆ, ತಡರಾತ್ರಿ "ನಮಗೆ ಬುಕಿಂಗ್ ಬಂದೇ ಇಲ್ಲ" ಎಂದು ವಾಪಸು ಕಳುಹಿಸಿದ್ದರು. ಆ ಮೇಲೆ ಆ್ಯಪಿನಲ್ಲಿ ದರ ನೋಡಿ, ಫೋನ್ ಅನ್ನು ನೇರವಾಗಿ ಲಾಡ್ಜಿಗೇ ಮಾಡುವುದು ನನ್ನ ರೂಢಿ. ಮಧ್ಯವರ್ತಿಯ ಕಮಿಷನ್ ಉಳಿಯುವುದರಿಂದ ಎಷ್ಟೋ ಕಡೆ ದರವೂ ಇಳಿಯುತ್ತದೆ. ಗುರುತಿನ ಚೀಟಿ ಕೇಳಿದಾಗ ಪೂರ್ತಿ ಆಧಾರ್ ಪ್ರತಿ ಕೊಡಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಯುಐಡಿಎಐ ತಾಣದಿಂದ ಇಳಿಸಿಕೊಳ್ಳಬಹುದು.

ಲಾಡ್ಜಿನ ಕೌಂಟರಿನಲ್ಲಿ ಬಹುಕಾಲ ಕೆಲಸ ಮಾಡಿದವರು, ಭದ್ರಾವತಿ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಬಾರಿನ ವಿಷಯವನ್ನು ನಾನೇ ಮೊದಲು ಬರೆಯಬೇಕಿತ್ತು. ಒಂದು ಮಾತು ಮಾತ್ರ: ರಾತ್ರಿ ಎಚ್ಚರವಿರುವ ಸಿಬ್ಬಂದಿ ದೊಡ್ಡ ಹೋಟೆಲಿನ ಸೊತ್ತಲ್ಲ. ಮಾಲೀಕರ ಕುಟುಂಬವೇ ನಡೆಸುವ, ವರ್ಷವರ್ಷವೂ ಅದೇ ಸಂಸಾರಗಳು ಬಂದು ಉಳಿಯುವ ಲಾಡ್ಜುಗಳು ಶಿವಮೊಗ್ಗದಲ್ಲಿ ಇಂದಿಗೂ ಇವೆ. ರಾತ್ರಿ ಹತ್ತೂವರೆಗೆ ಒಮ್ಮೆ ಫೋನ್ ಮಾಡಿ ನೋಡಿ. ಎತ್ತುವವರ ದನಿ, ಮಾತಿನ ಮರ್ಯಾದೆ ಎಷ್ಟೋ ವಿಷಯ ತಿಳಿಸುತ್ತದೆ.

ಅಡಿಕೆ ಬೆಳೆಗಾರರು, ಸಾಗರ

ಚರ್ಚೆ ಚೆನ್ನಾಗಿ ನಡೆದಿದೆ. ಆದರೆ ಮೂರೂ ರಾತ್ರಿ ಶಿವಮೊಗ್ಗದಲ್ಲೇ ಏಕೆ ಎಂದು ಯಾರೂ ಕೇಳಲಿಲ್ಲ. ಶಿವಮೊಗ್ಗದಿಂದ ಸಾಗರ ಸುಮಾರು 70 ಕಿಲೋಮೀಟರ್, ಸಾಗರದಿಂದ ಜೋಗ ಮತ್ತೆ 30. ಹೋಗಿ ಬರುವಷ್ಟರಲ್ಲಿ 200 ಕಿಲೋಮೀಟರ್ ಆಗುತ್ತದೆ. ಎಪ್ಪತ್ತು ದಾಟಿದವರನ್ನು ಒಂದೇ ದಿನ ಅಷ್ಟು ದೂರ ಕೂರಿಸಿ, ಸಂಜೆ ನಾಲ್ಕು ಸಾವಿರದ ಮೆತ್ತನೆಯ ಹಾಸಿಗೆಯಲ್ಲಿ ಮಲಗಿಸಿದರೆ ದಣಿವು ಆರುವುದೇ?

ತಾವು ಬರುವ ರೈಲು ಶಿವಮೊಗ್ಗದಲ್ಲೇ ಕೊನೆಯಾಗುವುದಿಲ್ಲ, ಸಾಗರಕ್ಕೂ ತಾಳಗುಪ್ಪಕ್ಕೂ ಮುಂದುವರಿಯುತ್ತದೆ. ಶಿವಮೊಗ್ಗದಲ್ಲಿ ಕತ್ತಲಲ್ಲಿ ಇಳಿಯುವ ಬದಲು ಇನ್ನಷ್ಟು ಹೊತ್ತು ಮಲಗಿ, ಬೆಳಕು ಹರಿದ ಮೇಲೆ ಸಾಗರದಲ್ಲಿ ಇಳಿಯಿರಿ. ಮೊದಲ ರಾತ್ರಿ ಇಲ್ಲಿ ಉಳಿದು ಜೋಗ, ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಕೆಳದಿ ನೋಡಿಕೊಂಡು ಶಿವಮೊಗ್ಗಕ್ಕೆ ಇಳಿಯಿರಿ. ಸಿಗಂದೂರಿಗೆ ಹೋಗುವ ಮನಸ್ಸಿದ್ದರೆ ಲಾಂಚಿಗೆ ಕಾಯಬೇಕಿಲ್ಲ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಸಂಚಾರಕ್ಕೆ ತೆರೆದಿದೆ. ಜೋಗದ ಬಳಿ ಉಳಿಯುವುದರ ಲಾಭ ಇನ್ನೊಂದಿದೆ. 253 ಮೀಟರ್ ಎತ್ತರದಿಂದ ಬೀಳುವ ನೀರು ಅರ್ಧ ಹೊತ್ತು ಮಂಜಿನ ಹಿಂದೆ ಅಡಗಿರುತ್ತದೆ. ದೂರದಿಂದ ಬಂದವರು ಒಂದು ಗಂಟೆ ಕಾದು ಹೊರಟುಬಿಡುತ್ತಾರೆ. ಹತ್ತಿರ ಉಳಿದವರು ಮಂಜು ಸರಿದಾಗ ಮತ್ತೆ ಹೋಗಿ ನೋಡಬಹುದು. ದಸರೆಯ ಹೊತ್ತಿಗೆ ನೀರು ಎಷ್ಟಿರುತ್ತದೆಂಬುದು ಆ ವರ್ಷದ ಮಳೆಗೂ ಲಿಂಗನಮಕ್ಕಿ ಅಣೆಕಟ್ಟಿನಿಂದ ಬಿಡುವ ನೀರಿಗೂ ಸೇರಿದ ಮಾತು.

ತೋಟದ ನಡುವಿನ ಹೋಮ್‌ಸ್ಟೇ ಹಿಡಿಯುವುದಾದರೆ ಎರಡು ವಿಷಯ ಕೇಳಲೇಬೇಕು. ಕಾರು ಮನೆಯ ಅಂಗಳದವರೆಗೆ ಬರುತ್ತದೆಯೇ, ಇಲ್ಲವೇ ಕೆಸರಿನಲ್ಲಿ ನಡೆಯಬೇಕೇ ಎಂಬುದು ಒಂದು. ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದೆಯೇ ಎಂಬುದು ಇನ್ನೊಂದು. ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ, ಪ್ರಾಣಕ್ಕೇ ಅಪಾಯ. ಗೀಸರ್ ಹೊರಗೋಡೆಗೆ ಇದ್ದು ನೀರು ಮಾತ್ರ ಒಳಗೆ ಬರುವಂತಿದ್ದರೆ ಸರಿ. ಒಳಗಿದ್ದರೆ ಬಕೆಟ್ ತುಂಬಿಸಿ, ಆರಿಸಿ, ಕಿಟಕಿ ತೆರೆದ ಮೇಲೆಯೇ ಸ್ನಾನಕ್ಕೆ ಹೋಗಲಿ. ಇದನ್ನು ಅಗ್ಗದ್ದು, ದುಬಾರಿಯದ್ದು ಎಂಬ ಭೇದವಿಲ್ಲದೆ ಎಲ್ಲ ಕಡೆಯೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು, ಬೆಂಗಳೂರು

ರೈಲಿನಲ್ಲಿ ಮುಂದಕ್ಕೆ ಹೋಗಿಬಿಡುವ ಯೋಚನೆ ನಮಗೆ ಹೊಳೆದೇ ಇರಲಿಲ್ಲ. ಸಾಗರದವರಿಗೆ ಮನಃಪೂರ್ವಕ ಧನ್ಯವಾದ. ಈಗ ಉಳಿದ ಚಿಂತೆ ತಂದೆಯವರದು. ಮಂಡಿ ನೋವಿದೆ, ಕುಕ್ಕರುಗಾಲಿನಲ್ಲಿ ಕೂರಬೇಕಾದ ಶೌಚಾಲಯ ಆಗುವುದಿಲ್ಲ. ಅವರಿಗಾಗಿ ಒಂದು ಕೋಣೆಯನ್ನಾದರೂ ದೊಡ್ಡ ಹೋಟೆಲಿನಲ್ಲಿ ಮಾಡುವುದೇ ಸರಿಯೇ?

ತಾಯಿಯವರೊಡನೆ ಓಡಾಡುವವರು, ತೀರ್ಥಹಳ್ಳಿ

ಸರ್, ಒಬ್ಬರೇ ಹಿರಿಯರನ್ನು ಬೇರೆ ಕಟ್ಟಡದಲ್ಲಿ ಇರಿಸುವ ಯೋಚನೆ ಬೇಡ. ರಾತ್ರಿ ಏನಾದರೂ ಬೇಕಾದರೆ ಯಾರನ್ನು ಕರೆಯುತ್ತಾರೆ? ಎಲ್ಲರೂ ಒಂದೇ ಕಡೆ ಇರಿ, ಅವರ ಪಕ್ಕದ ಕೋಣೆಯಲ್ಲೇ ಇರಿ.

ಲಿಫ್ಟ್ ಇದೆ ಎಂಬ ಮಾತನ್ನು ಮಾತ್ರ ಹಾಗೆಯೇ ನಂಬಬೇಡಿ. ನಮ್ಮ ತಾಯಿಯವರಿಗೆಂದು ಬುಕ್ ಮಾಡಿದ ಕಡೆ ಲಿಫ್ಟ್ ಇತ್ತು, ಹೊಸದಾಗಿಯೂ ಇತ್ತು. ಆದರೆ ರಸ್ತೆಯಿಂದ ಲಿಫ್ಟಿನ ಬಾಗಿಲಿಗೆ ಹೋಗಲು ಏಳು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಒಂದೇ ಪಕ್ಕಕ್ಕೆ, ಅದೂ ಅವರ ನೋವಿನ ಕೈಯ ಕಡೆಗೆ. ಬಾತ್‌ರೂಮಿಗೆ ಇಳಿಯುವಲ್ಲಿ ಗೇಣುದ್ದದ ಹೊಸ್ತಿಲು, ಅದರ ಆಚೆ ಹೊಳೆಯುವ ಟೈಲ್ಸ್. ಬಾಡಿಗೆ ಕಡಿಮೆಯೇನೂ ಇರಲಿಲ್ಲ. ಮರುದಿನ ಬಿಟ್ಟು, ಹತ್ತಿರದ ಹಳೆಯ ಲಾಡ್ಜಿನ ನೆಲ ಅಂತಸ್ತಿಗೆ ಬಂದೆವು. ಅಲ್ಲಿನ ಒರಟು ಸಿಮೆಂಟು ನೆಲ, ಕಮೋಡಿನ ಪಕ್ಕದ ಹಿಡಿಕೆ, ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಸ್ಟೂಲು ಅವರಿಗೆ ನೆಮ್ಮದಿ ಕೊಟ್ಟವು. ಬಾತ್‌ರೂಮಿನ ಫೋಟೊ ಒಂದನ್ನು ವಾಟ್ಸಾಪಿನಲ್ಲಿ ಕಳುಹಿಸಲು ಕೇಳಿ. ಒಳ್ಳೆಯ ಲಾಡ್ಜಿನವರು ಬೇಸರಪಡದೆ ಕಳುಹಿಸುತ್ತಾರೆ.

ದುರ್ಗಿಗುಡಿ ನಿವಾಸಿ, ಶಿವಮೊಗ್ಗ

ತಿಂಡಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ದೊಡ್ಡ ಹೋಟೆಲಿನ ಬಾಡಿಗೆಯಲ್ಲಿ ಬೆಳಗಿನ ಬುಫೆ ಸೇರಿದೆ ಎಂದು ಹೇಳುತ್ತಾರೆ, ಅದಕ್ಕೊಂದು ಬೆಲೆ ಇದೆ ನಿಜ. ಆದರೆ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ನೋಡಬೇಕಾದರೆ ಬೆಳಿಗ್ಗೆ ಬೇಗನೆ ತೀರ್ಥಹಳ್ಳಿ ರಸ್ತೆ ಹಿಡಿಯಬೇಕು. ಹನ್ನೊಂದರ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಮಕ್ಕಳನ್ನು ಬುಫೆಗೆ ಕೂರಿಸಿದರೆ ಆನೆ ತಪ್ಪುತ್ತದೆ, ಆನೆಗೆ ಓಡಿದರೆ ಬುಫೆ ತಪ್ಪುತ್ತದೆ. ಊರಿಗೆ ಬಂದವರು ಮೀನಾಕ್ಷಿ ಭವನದಂಥ ಹಳೆಯ ಹೋಟೆಲಿನ ದೋಸೆ ತಿನ್ನದೆ, ಎಲ್ಲ ಊರಿನಲ್ಲೂ ಸಿಗುವ ಬ್ರೆಡ್ಡು ಜಾಮು ತಿಂದು ಹೋಗುವುದು ನನಗಂತೂ ಸಂಕಟ. ತಿಂಡಿ ಬಿಟ್ಟು ಬರೀ ಕೋಣೆಯ ದರ ಎಷ್ಟೆಂದು ಕೇಳಿ.

ದಸರೆಯ ಮಾತು ಬಂದಿದ್ದರಿಂದ ಇನ್ನೊಂದು ಸೂಚನೆ. ನಮ್ಮ ಊರಿನ ಜಂಬೂಸವಾರಿಗೆ ಅಂಬಾರಿ ಹೊರಲು ಸಕ್ರೆಬೈಲಿನ ಆನೆಗಳೇ ಬರುತ್ತವೆ. ಬಿಡಾರಕ್ಕೆ ಹೋಗುವ ದಿನವನ್ನು ವಿಜಯದಶಮಿಯಿಂದ ದೂರ ಇಟ್ಟುಕೊಳ್ಳಿ. ಆ ದಿನ ಮೆರವಣಿಗೆಗಾಗಿ ನಗರದ ನಡುವಿನ ರಸ್ತೆಗಳಲ್ಲಿ ವಾಹನ ತಡೆಯುತ್ತಾರೆ. ಪೇಟೆ ಮಧ್ಯದ ಲಾಡ್ಜಿಗೆ ಕಾರು ತರುವುದು ಕಷ್ಟ.

ಪ್ರಶ್ನೆ ಕೇಳಿದವರು, ಬೆಂಗಳೂರು

ಮೊದಲ ರಾತ್ರಿ ಸಾಗರದ ಬಳಿ, ಅಂಗಳದವರೆಗೆ ಕಾರು ಬರುವ ಒಂದು ಹೋಮ್‌ಸ್ಟೇ ಗೊತ್ತುಪಡಿಸಿದ್ದೇವೆ. ಗೀಸರ್ ವಿದ್ಯುತ್ತಿನದೆಂದು ಕೇಳಿ ಖಚಿತಪಡಿಸಿಕೊಂಡೆ. ಉಳಿದ ಎರಡು ರಾತ್ರಿಗೆ ಶಿವಮೊಗ್ಗದಲ್ಲಿ ಎರಡು ಸಾವಿರದ ಆಸುಪಾಸಿನ ಅಕ್ಕಪಕ್ಕದ ಎರಡು ಕೋಣೆ, ನೆಲ ಅಂತಸ್ತಿನಲ್ಲಿ. ಬಾತ್‌ರೂಮಿನ ಫೋಟೊ ಕೇಳಿದಾಗ ಹಿಡಿಕೆ ಕಾಣುವಂತೆ ತೆಗೆದು ಕಳುಹಿಸಿದರು. ರಾತ್ರಿ ಹತ್ತೂವರೆಗೆ ಫೋನ್ ಮಾಡಿದಾಗಲೂ ಮರ್ಯಾದೆಯಿಂದಲೇ ಮಾತನಾಡಿದರು. ಬಾಡಿಗೆ ಕಾರಿನ ಚಾಲಕರು ಎರಡೂ ಕಡೆ ಎಲ್ಲಿ ಮಲಗುತ್ತಾರೆ ಎಂಬುದೊಂದು ಉಳಿದಿದೆ. ಅವರಿಗೆ ನಾವು ಕೋಣೆ ಮಾಡಬೇಕೇ?

ಲಾಡ್ಜಿನ ಕೌಂಟರಿನಲ್ಲಿ ಬಹುಕಾಲ ಕೆಲಸ ಮಾಡಿದವರು, ಭದ್ರಾವತಿ

ಕೇಳಿದ್ದು ಬಹಳ ಸಂತೋಷ ಸರ್, ಹೆಚ್ಚಿನವರು ಕೇಳುವುದೇ ಇಲ್ಲ. ಬಾಡಿಗೆ ಮಾತಾಡುವಾಗ ಚಾಲಕರ ರಾತ್ರಿಯ ಬಾಟಾ, ಅಂದರೆ ಭತ್ಯೆ, ಸೇರಿದೆಯೇ ಎಂದು ತಿಳಿದುಕೊಳ್ಳಿ. ಸೇರಿದ್ದರೂ ಆ ಹಣದಲ್ಲಿ ಕೋಣೆ ಹಿಡಿಯದೆ ಕಾರಿನಲ್ಲೇ ಮಲಗುವವರು ಬಹಳ ಮಂದಿ, ಮಳೆಯ ರಾತ್ರಿ ಗಾಜು ಏರಿಸಿಕೊಂಡು ಮಲಗಿದರೆ ನಿದ್ದೆ ಆಗುವುದಿಲ್ಲ. ಮರುದಿನ ಘಟ್ಟದ ರಸ್ತೆಯಲ್ಲಿ ತಮ್ಮ ಮಕ್ಕಳನ್ನು ಕೂರಿಸಿಕೊಂಡು ಓಡಿಸುವವರು ಅವರೇ. ಕೆಲವು ಲಾಡ್ಜುಗಳಲ್ಲಿ ಚಾಲಕರಿಗೆಂದೇ ಡಾರ್ಮಿಟರಿ ಹಾಸಿಗೆ ಇರುತ್ತದೆ. ತಾವು ಗೊತ್ತುಪಡಿಸಿದ ಕಡೆ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಹತ್ತಿರದಲ್ಲೇ ಒಬ್ಬರ ಸಣ್ಣ ಕೋಣೆಯನ್ನು ಲಾಡ್ಜಿನವರೇ ಗೊತ್ತುಮಾಡಿ ಕೊಡುತ್ತಾರೆ. ಹೋಮ್‌ಸ್ಟೇಗೂ ಒಬ್ಬರು ಹೆಚ್ಚು ಬರುತ್ತಾರೆಂದು ಇವತ್ತೇ ತಿಳಿಸಿಬಿಡಿ. ತೋಟದ ಮನೆಯಲ್ಲಿ ರಾತ್ರಿ ಊಟಕ್ಕೆ ಎಷ್ಟು ಎಲೆ ಎಂಬುದನ್ನು ಅವರು ಮಧ್ಯಾಹ್ನವೇ ಲೆಕ್ಕ ಹಾಕಿರುತ್ತಾರೆ.